ಹುಳದ ಮನೆಯಲ್ಲಿ ಹೊಲಿಗೆ ಮೆಷಿನ್ನು

ನನ್ನ ಹೊಲಿಗೆ ಮೆಷಿನ್ನು ಕೆಟ್ಟರೆ ನಾನು ಮೊದಲು ನೋಡುವುದು ಮನೆಯವರ ಮುಖ, ಆಮೇಲೆ ಮೆಷಿನ್ನು. ಇದು ಒಳ್ಳೆಯ ಗುಣ ಅಂತ ನಾನೇನೂ ಹೇಳುವುದಿಲ್ಲ. ಆದರೆ ಕೂಡು ಕುಟುಂಬದಲ್ಲಿ ಹೊಲಿಗೆ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೂಜಿ ಡಬ್ಬಿ ಇಟ್ಟ ಜಾಗದಲ್ಲಿ ಇರುವುದಿಲ್ಲ. ಬಟ್ಟೆಯ ಕತ್ತರಿಯಲ್ಲಿ ಯಾರೋ ಹಾಲಿನ ಪ್ಯಾಕೆಟ್ ಕತ್ತರಿಸಿರುತ್ತಾರೆ. ಕೇಳಿದರೆ ಎಲ್ಲರೂ ಸೂರು ನೋಡುತ್ತಾ ನಿಲ್ಲುತ್ತಾರೆ.

ಈ ಸಲ ಮೆಷಿನ್ನು ಕೈಕೊಟ್ಟದ್ದು ತೀರಾ ಕೆಟ್ಟ ಹೊತ್ತಿನಲ್ಲಿ. ಚಿಕ್ಕಬಳ್ಳಾಪುರದ ಒಬ್ಬ ಟೀಚರಮ್ಮ ನಮ್ಮೂರು ಸಾದಲಿಯವರೆಗೆ ಹುಡುಕಿಕೊಂಡು ಬಂದು ಮಗಳ ಮದುವೆಯ ಬ್ಲೌಸನ್ನು ಹೊಲಿಯಲು ನನಗೆ ಕೊಟ್ಟಿದ್ದರು. ಅದುವರೆಗೆ ನಾನು ಹೊಲಿದಿದ್ದೆಲ್ಲ ಊರಿನವರ ದಿನಬಳಕೆಯ ಬ್ಲೌಸು, ಲಂಗ, ಸ್ಕೂಲ್ ಯೂನಿಫಾರ್ಮು. ಮುಹೂರ್ತದ ರೇಷ್ಮೆ ಕೈಗೆ ಬಂದದ್ದು ಅದೇ ಮೊದಲು. ಸೀರೆಯಲ್ಲೇ ನೇಯ್ದು ಬಂದ ಬ್ಲೌಸ್ ಪೀಸು. ಮಾವಿನೆಲೆ ಹಸಿರು, ಕುಂಕುಮದ ಬಣ್ಣದ ಅಂಚು. ಅದು ಹಾಳಾದರೆ ಅದಕ್ಕೆ ಹೊಂದುವ ಇನ್ನೊಂದು ತುಂಡು ಯಾವ ಅಂಗಡಿಯಲ್ಲೂ ಇಲ್ಲ. ಕಾಟನ್ ಹೊಲಿದು ಬಿಚ್ಚಿದರೆ ಉಗುರಿನಲ್ಲಿ ಎರಡು ಸಲ ಉಜ್ಜಿ ಸೂಜಿಯ ತೂತು ಮುಚ್ಚಬಹುದು. ರೇಷ್ಮೆಯಲ್ಲಿ ತೂತು ಹಾಗೇ ನಿಲ್ಲುತ್ತದೆ. ಹೊಲಿಗೆ ಒಂದೇ ಸಲ ಬೀಳಬೇಕು, ಸರಿಯಾಗಿಯೇ ಬೀಳಬೇಕು.

ಇದರ ಜೊತೆಗೆ ನಮ್ಮತ್ತೆಯ ತೀರ್ಪು ಬೇರೆ ತಲೆಯ ಮೇಲಿತ್ತು. ನಾವು ಹುಳ ಸಾಕುವವರು. ಬೇರೆಯವರ ಹಾಗೆ ತೋಟದಲ್ಲಿ ಶೆಡ್ಡು ಕಟ್ಟಿಲ್ಲ. ಮನೆಯ ಹಿಂದಿನ ಎರಡು ಕೋಣೆ ರೇಷ್ಮೆ ಹುಳಕ್ಕೆ, ನಡುಮನೆಯ ಮೂಲೆ ನನ್ನ ಮೆಷಿನ್ನಿಗೆ. ಹಿಂದಿನ ಬೆಳೆ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಹುಳ ಸಾಯಲು ಶುರುವಾಗಿ, ಬುಟ್ಟಿಗಟ್ಟಲೆ ಗುಂಡಿಗೆ ಸುರಿದಿದ್ದೆವು. ಹಿಪ್ಪುನೇರಳೆ ಸೊಪ್ಪಿನ ತಪ್ಪು ಅಂತ ಒಬ್ಬರು, ಮೊಟ್ಟೆಯ ತಪ್ಪು ಅಂತ ಒಬ್ಬರು. ಅತ್ತೆ ಮಾತ್ರ ನನ್ನ ಮೂಲೆಯ ಕಡೆ ಕೈ ತೋರಿಸಿದರು.

"ಕಂಡೋರ್ ಮನೆ ಬಟ್ಟೆ ತಂದು ಗುಡ್ಡೆ ಹಾಕ್ಕೊಂಡ್ರೆ ಹುಳ ಉಳೀತದಾ? ಯಾರ ಮನೇಲಿ ಏನ್ ರೋಗನೋ. ಈ ಬೆಳೆನೂ ಹೋದ್ರೆ ಮೆಷಿನ್ ಅಟ್ಟಕ್ಕೆ ಹಾಕ್ಬಿಡಮ್ಮ, ಅಷ್ಟೇ."

ಅತ್ತೆ ಹೇಳಿದ ಮೇಲೆ ಮನೆಯಲ್ಲಿ ಯಾರೂ ಮರುಮಾತಾಡುವುದಿಲ್ಲ. ಟೀಚರಮ್ಮನ ಬ್ಲೌಸು ಚೆನ್ನಾಗಿ ಬಂದರೆ ಚಿಕ್ಕಬಳ್ಳಾಪುರದಿಂದ ಇನ್ನಷ್ಟು ಕೆಲಸ ಬರುತ್ತದೆ, ಆಗ ಮೆಷಿನ್ನನ್ನು ಅಟ್ಟಕ್ಕೆ ಹಾಕು ಅನ್ನುವುದು ಅತ್ತೆಗೂ ಕಷ್ಟವಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ.

ರೇಷ್ಮೆಗೆ ಕೈ ಹಾಕುವ ಮೊದಲು ನಾನು ಬಿಳಿ ಚಿಂದಿಯ ಮೇಲೆ ಎರಡು ಬಣ್ಣದ ದಾರ ಹಾಕಿ ನೋಡುತ್ತೇನೆ. ಮೇಲೆ ಕೆಂಪು, ಕೆಳಗೆ ಬಾಬಿನ್‌ನಲ್ಲಿ ನೀಲಿ. ಬಟ್ಟೆಯ ಮೇಲ್ಭಾಗದಲ್ಲಿ ಬರೀ ಕೆಂಪು, ಅಡಿಯಲ್ಲಿ ಬರೀ ನೀಲಿ ಕಂಡರೆ ಎರಡು ದಾರದ ಬಿಗಿಯೂ ಸಮ. ಅವತ್ತು ಚಿಂದಿ ತಿರುಗಿಸಿದರೆ ಅಡಿಯಲ್ಲಿ ಕೆಂಪು ದಾರ ಗುಂಗುರು ಕೂದಲಿನ ಹಾಗೆ ಸುರುಳಿ ಸುರುಳಿಯಾಗಿ ನಿಂತಿತ್ತು.

ಅಡಿಯಲ್ಲಿ ಗಂಟು ಕಂಡ ಕೂಡಲೇ ಹೊಸಬರು ಬಾಬಿನ್‌ಗೆ ಕೈ ಹಾಕುತ್ತಾರೆ. ತಪ್ಪು. ಅಡಿಯಲ್ಲಿ ಗಂಟು ಬಿದ್ದರೆ ಸಾಮಾನ್ಯವಾಗಿ ಮೇಲಿನ ದಾರವೇ ಸಡಿಲ. ಅದನ್ನು ಹಿಡಿದು ಬಿಡುವುದು ಮೆಷಿನ್ನಿನ ಮುಖದಲ್ಲಿರುವ ಎರಡು ಪುಟ್ಟ ಬಿಲ್ಲೆ. ಅವುಗಳ ಮುಂದೆ ಒಂದು ಸ್ಪ್ರಿಂಗು, ಅದರ ಮುಂದೆ ತಿರುಗಿಸುವ ನಟ್ಟು. ನಟ್ಟು ಬಿಗಿ ಮಾಡಿದರೆ ಬಿಲ್ಲೆಗಳು ದಾರವನ್ನು ಬಿಗಿಯಾಗಿ ಹಿಡಿಯುತ್ತವೆ. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ ಎತ್ತಿದಾಗ ಬಿಲ್ಲೆಗಳು ಬಾಯಿ ಬಿಡುತ್ತವೆ, ಇಳಿಸಿದಾಗ ಮುಚ್ಚುತ್ತವೆ. ಪಾದ ಇಳಿಸಿಕೊಂಡು ದಾರ ಪೋಣಿಸಿದರೆ ಅದು ಬಿಲ್ಲೆಯ ಒಳಗೆ ಹೋಗುವುದೇ ಇಲ್ಲ.

ನಾನು ಪಾದ ಎತ್ತಿ ಮತ್ತೆ ಪೋಣಿಸಿದೆ. ಹೊಸ ಸೂಜಿ ಹಾಕಿದೆ. ಬಾಬಿನ್ ಕೇಸನ್ನು ದಾರದಲ್ಲೇ ತೂಗಿಬಿಟ್ಟು ಸ್ವಲ್ಪ ಜಗ್ಗಿದೆ. ತುಸು ಇಳಿದು ನಿಂತಿತು, ಅದರ ಬಿಗಿ ಸರಿ ಇದೆ ಅಂತಾಯಿತು. ಬಟ್ಟೆ ತಳ್ಳುವ ಹಲ್ಲಿನ ಕೆಳಗಿನ ನೂಲಿನ ಕಸ ಗುಡಿಸಿ, ಎಲ್ಲ ತೂತಿಗೂ ಧಾರಾಳವಾಗಿ ಎಣ್ಣೆ ಬಿಟ್ಟೆ. ಒಂದು ಗೇಣು ಹೊಲಿಗೆ ಚೆನ್ನಾಗಿ ಬಂತು. ಆಮೇಲೆ ಒಂದೇ ಸಲ ಕೈಬಿಟ್ಟಿತು. ನಟ್ಟು ಬಿಗಿ ಮಾಡಿದರೆ ದಾರ ಪಟ್ಟನೆ ತುಂಡಾಯಿತು. ಸಡಿಲ ಮಾಡಿದರೆ ಮತ್ತೆ ಗುಂಗುರು.

ಮೊದಲ ಅನುಮಾನ ದಾರದ ಅಂಗಡಿಯವನ ಮೇಲೆ. ಚಿಂತಾಮಣಿಗೆ ಹೋದಾಗ ತಂದ ದಾರ ಅದು. ಕೊಡುವಾಗಲೇ ಅವನು ಯಾಕೋ ಅತಿಯಾಗಿ ನಕ್ಕಿದ್ದ. ಫೋನ್ ಮಾಡಿ ಚೆನ್ನಾಗಿ ಬೈದೆ. ಅವನು, "ಅಕ್ಕ, ಅದೇ ದಾರ ಊರೆಲ್ಲಾ ಒಯ್ದವ್ರೆ, ನಿಮ್ದೊಂದೇ ಕಂಪ್ಲೇಂಟು" ಅಂದ. ಹಳೆಯ ದಾರ ಹಾಕಿ ನೋಡಿದೆ, ಅದೇ ಕಥೆ. ಆದರೂ ಅವನ ಮೇಲಿನ ಅನುಮಾನವನ್ನು ಪೂರ್ತಿ ಬಿಡಲಿಲ್ಲ.

ನಮ್ಮ ಯಜಮಾನರು ಮೆಷಿನ್ನಿನ ತಲೆಯನ್ನು ಸ್ಟ್ಯಾಂಡಿನಿಂದ ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಬೈಕಿನಲ್ಲಿ ಶಿಡ್ಲಘಟ್ಟದ ರಿಪೇರಿಯವರ ಹತ್ತಿರ ಒಯ್ದರು. ನಾನೂ ಹಿಂದೆ ಕೂತು ಹೋದೆ. ಬಿಟ್ಟು ಬಂದರೆ ಒಳ್ಳೆಯ ಬಾಬಿನ್ ಕೇಸು ತೆಗೆದು ಹಳೆಯದು ಹಾಕಿ ಕಳಿಸುತ್ತಾರೆ ಎಂಬ ಭಯ. ರಿಪೇರಿಯವರು ವಯಸ್ಸಾದವರು, ಬಾಯಲ್ಲಿ ಅರ್ಧ ತೆಲುಗು. ಸೀಮೆಎಣ್ಣೆ ಬಿಟ್ಟು ಗಡಗಡ ಓಡಿಸಿದರು. ನಟ್ಟು ತಿರುಗಿಸಿ ನೋಡಿ ಹುಬ್ಬೇರಿಸಿದರು.

"ಎವರೋ ಚೆಯ್ಯಿ ಪೆಟ್ನಾರಮ್ಮ. ಮನೇಲಿ ಯಾರೋ ಕೈಯಾಡಿಸ್ತಾ ಇದಾರೆ. ನಟ್ಟು ಇಷ್ಟು ಬಿಗೀ ಮಾಡ್ತಾರಾ ಯಾರಾದ್ರೂ?"

"ನಾನು ಒಂದ್ ಸುತ್ತು ಮಾಡಿದ್ದು ನಿಜ. ಇಷ್ಟೊಂದು ಮಾಡಿಲ್ಲ," ಅಂದೆ.

"ನೀವು ಮಾಡಿಲ್ಲ ಅಂದ್ರೆ ಇನ್ಯಾರೋ ಮಾಡವ್ರೆ. ಮೆಷಿನ್ ತಾನೇ ತಿರುಗಿಸ್ಕಣುತ್ತಾ?"

ಅವರ ಅಂಗಡಿಯಲ್ಲಿ ಹೊಲಿಗೆ ಮುತ್ತು ಪೋಣಿಸಿದ ಹಾಗೆ ಬಂತು. ಬಿಲ್ಲೆ ಬಿಚ್ಚಿ ನೋಡಿ ಅಂದೆ. "ಅದೆಲ್ಲಾ ಬಿಚ್ಚಬಾರದಮ್ಮ, ಸ್ಪ್ರಿಂಗ್ ಹಾರೋದ್ರೆ ದೇವರು ಬಂದ್ರೂ ಸಿಗಲ್ಲ" ಅಂದುಬಿಟ್ಟರು. ಮನೆಗೆ ತಂದು ಕೂರಿಸಿದ ಸಂಜೆಯೂ ಚೆನ್ನಾಗಿತ್ತು. ಮಾರನೆಯ ಮಧ್ಯಾಹ್ನ ಮತ್ತೆ ಗುಂಗುರು.

ಅಂಗಡಿಯಲ್ಲಿ ಸರಿ, ಮನೆಯಲ್ಲಿ ಇಲ್ಲ. ಅಂದರೆ ತಪ್ಪು ಮನೆಯೊಳಗೇ ಇದೆ. ಉಗುರಿಗೆ ಹಚ್ಚುವ ಬಣ್ಣ ತೆಗೆದುಕೊಂಡು, ನಟ್ಟಿನ ಮೇಲೊಂದು ಚುಕ್ಕೆ, ಅದರ ನೇರಕ್ಕೆ ಮೆಷಿನ್ನಿನ ಮೇಲೊಂದು ಚುಕ್ಕೆ ಇಟ್ಟೆ. ಮೇಲೆ ಬಟ್ಟೆ ಹೊದಿಸಿ ಸೊಪ್ಪಿಗೆ ತೋಟಕ್ಕೆ ಹೋದೆ. ಬಂದು ನೋಡಿದರೆ ಎರಡು ಚುಕ್ಕೆಗಳ ನಡುವೆ ಬೆರಳಿನಷ್ಟು ಅಂತರ! ಸುಳ್ಳೇಕೆ ಹೇಳಲಿ, ಒಂದು ಥರದ ಖುಷಿಯೇ ಆಯಿತು. ನನ್ನ ಅನುಮಾನ ಸುಳ್ಳಲ್ಲ.

ಆ ಹೊತ್ತಿನಲ್ಲಿ ಮನೆಯಲ್ಲಿರುವವರು ಇಬ್ಬರೇ. ಒಬ್ಬರು ಅತ್ತೆ. ಅವರು ಮೆಷಿನ್ನಿನ ಹತ್ತಿರವೂ ಸುಳಿಯುವವರಲ್ಲ, ಅದನ್ನು ಕಂಡರೇ ಆಗುವುದಿಲ್ಲ. ಇನ್ನೊಬ್ಬಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಡಿಗ್ರಿ ಓದಿದವಳು. ಹುಳಕ್ಕೆ ಔಷಧಿ ಪುಡಿ ಹಾಕುವ ಕೆಲಸ ಅವಳದ್ದು, ಉಳಿದ ಹೊತ್ತೆಲ್ಲ ಮೊಬೈಲು. ಅವಳ ಮೊಬೈಲಿನಲ್ಲಿ ಬ್ಲೌಸ್ ಕಟಿಂಗ್ ವಿಡಿಯೋ ಓಡುತ್ತಿದ್ದದ್ದನ್ನು ನಾನು ನನ್ನ ಕಣ್ಣಾರೆ ಕಂಡಿದ್ದೆ. ಇನ್ನೇನು ಬೇಕು? ನಾನಿಲ್ಲದಾಗ ಕೂತು ಕಲಿಯುತ್ತಿದ್ದಾಳೆ, ಕೆಡಿಸುತ್ತಿದ್ದಾಳೆ, ಏನೂ ಗೊತ್ತಿಲ್ಲದ ಹಾಗೆ ಎದ್ದು ಹೋಗುತ್ತಿದ್ದಾಳೆ. ಅವಳ ಜೊತೆ ಮಾತು ಬಿಟ್ಟೆ. ಹಸಿರು ರೇಷ್ಮೆಯನ್ನು ಟ್ರಂಕಿಗೆ ಹಾಕಿ, ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. "ಅಕ್ಕ, ಊಟ ಬಡಿಸ್ಲಾ?" ಅಂದರೂ ನಾನು ತಟ್ಟೆ ಕಡೆ ನೋಡುತ್ತಾ ಕೂತಿದ್ದೆ.

ಟೀಚರಮ್ಮ ಫೋನ್ ಮಾಡಿದರು. "ಏನಮ್ಮ, ಎಲ್ಲಿವರೆಗೆ ಬಂತು? ಮಗಳು ಹಾಕಿ ನೋಡ್ಬೇಕು ಅಂತಿದಾಳೆ."

"ಕೈಯಲ್ಲೇ ಇದೆ ಮೇಡಂ," ಅಂದೆ. ಕೈಯಲ್ಲಿ ಇದ್ದದ್ದು ಟ್ರಂಕಿನ ಕೀಲಿ.

ಯಜಮಾನರು ಪಕ್ಕದಲ್ಲೇ ಇದ್ದರು. "ಸುಮ್ನೆ ವಾಪಸ್ ಕೊಟ್ಬಿಡು. ಚಿಕ್ಕಬಳ್ಳಾಪುರದಲ್ಲಿ ದೊಡ್ಡ ದೊಡ್ಡ ಟೇಲರ್‌ಗಳವ್ರೆ. ಹೆಸರು ಕೆಡಿಸ್ಕಣಕ್ಕಿಂತ ವಾಸಿ," ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಅಳು ಉಕ್ಕಿ ಬಂತು, ಅದರ ಬೆನ್ನಿಗೇ ಸಿಟ್ಟು. ವಾಪಸ್ ಕೊಟ್ಟರೆ ಮೆಷಿನ್ನು ಅಟ್ಟಕ್ಕೆ ಹೋದ ಹಾಗೆಯೇ.

ಆವತ್ತೇ ಬಿಲ್ಲೆ ಬಿಚ್ಚುವುದು ಅಂತ ತೀರ್ಮಾನ ಮಾಡಿದೆ. ದೇವರು ಬಂದರೂ ಸಿಗದ ಸ್ಪ್ರಿಂಗು ಹಾರದ ಹಾಗೆ ಸುತ್ತ ಟವೆಲು ಹಾಸಿದೆ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ನಟ್ಟು, ಸ್ಪ್ರಿಂಗು, ನಡುವಿನ ವಾಷರು, ಆಮೇಲೆ ಎರಡು ಬಿಲ್ಲೆ, ಒಂದೊಂದಾಗಿ ಬಿಚ್ಚಿ ಊಟದ ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಇಟ್ಟೆ. ಬಿಲ್ಲೆಯ ಬೆನ್ನು ಹೊಳೆಯುತ್ತಿತ್ತು. ತಿರುಗಿಸಿದೆ. ದಾರ ಹಿಡಿಯಬೇಕಾದ ಮುಖದಲ್ಲಿ ಬಿಳಿಯ ಗಾರೆ! ಎಣ್ಣೆ ಕುಡಿದು ಗಟ್ಟಿಯಾಗಿತ್ತು. ಬಿಲ್ಲೆ ಮುಚ್ಚಿಕೊಳ್ಳದ ಹಾಗೆ ಅದು ನಡುವೆ ಅಡ್ಡ ಕೂತಿತ್ತು. ದಾರ ಸ್ವಲ್ಪ ದೂರ ಸಿಕ್ಕಿಹಾಕಿಕೊಂಡು, ಆಮೇಲೆ ಜಾರುತ್ತಿತ್ತು. ಒಂದು ಗೇಣು ಸರಿ ಬಂದು ಕೈಬಿಡುತ್ತಿದ್ದದ್ದು ಅದಕ್ಕೇ.

ಉಗುರಿನಲ್ಲಿ ಕೆರೆದು ಮೂಸಿದೆ. ಸುಣ್ಣದ ಘಾಟು. ಮನೆಯಲ್ಲಿ ಈ ವಾಸನೆ ಗೊತ್ತಿಲ್ಲದವರು ಯಾರೂ ಇಲ್ಲ. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಕೂರುತ್ತದೆ, ಅದಕ್ಕೆ ಜ್ವರಕ್ಕೆ ಕೂತಿದೆ ಅನ್ನುತ್ತೇವೆ. ಆಗ ರೋಗ ತಗಲದಿರಲಿ ಅಂತ ಸುಣ್ಣ ಬೆರೆತ ಔಷಧಿ ಪುಡಿಯನ್ನು ಹುಳದ ಮೇಲೆ ಉದುರಿಸುತ್ತೇವೆ. ಅದೇ ಪುಡಿ ಇದು.

ಪುಡಿ ಹಾಕುವವಳು ವಾರಗಿತ್ತಿ. ಸಿಕ್ಕಿಬಿದ್ದಳು! ಬಿಲ್ಲೆಯನ್ನು ಕೈಯಲ್ಲಿ ಹಿಡಿದೇ ಎದ್ದೆ. ಹಿತ್ತಲಿನಲ್ಲಿದ್ದಾಳೆ, ಎಲ್ಲರ ಎದುರಿಗೇ ಮುಖಕ್ಕೆ ಹಿಡಿಯೋಣ ಅಂದುಕೊಂಡೆ. ಎದ್ದವಳು ದಾರ ಹಾದುಹೋಗುವ ಕೊಕ್ಕೆ ನೋಡಿ ನಿಂತೆ. ಅದರ ಸಂದಿಯಲ್ಲೂ ಬಿಳಿ, ದಾರದ ಉಂಡೆಯ ಸುತ್ತುಗಳ ನಡುವೆಯೂ ಬಿಳಿ. ತೆಳ್ಳಗೆ, ಸಮನಾಗಿ, ಮಂಜು ಬಿದ್ದ ಹಾಗೆ. ವಾರಗಿತ್ತಿ ಪುಡಿ ಹಾಕುವುದು ಹಾಗಲ್ಲ. ಅವಳು ಕೈಯಲ್ಲಿ ಎರಚುತ್ತಾಳೆ. ಒಂದು ಕಡೆ ಗುಡ್ಡೆ, ಒಂದು ಕಡೆ ಖಾಲಿ, ಅರ್ಧ ನೆಲಕ್ಕೆ. ಅದಕ್ಕೆ ದಿನಾ ಬೈಸಿಕೊಳ್ಳುತ್ತಾಳೆ. ಹಳೆಯ ಸೀರೆಯ ಚೂರಿನಲ್ಲಿ ಪುಡಿ ಕಟ್ಟಿ, ಆ ಗಂಟನ್ನು ತಟ್ಟಿ ತಟ್ಟಿ ಹೀಗೆ ಸಮನಾಗಿ ಉದುರಿಸುವ ಕೈ ಈ ಮನೆಯಲ್ಲಿ ಒಂದೇ ಇದೆ.

ಮನಸ್ಸು ಒಪ್ಪಲಿಲ್ಲ. ಬಾಯಿ ಬಿಟ್ಟಿದ್ದರೆ ಆವತ್ತು ಏನೇನೋ ಆಗುತ್ತಿತ್ತು. ಕಣ್ಣಾರೆ ನೋಡದೆ ಯಾರನ್ನೂ ಏನೂ ಅನ್ನುವುದು ಬೇಡ ಅಂದುಕೊಂಡು ಮತ್ತೆ ಕೂತೆ. ಬಿಲ್ಲೆಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬಟ್ಟೆಯಲ್ಲಿ ಹೊಳೆಯುವವರೆಗೆ ಉಜ್ಜಿ, ತಟ್ಟೆಯ ಕ್ರಮ ನೋಡಿಕೊಂಡು ಹಿಂದಿನಿಂದ ಮುಂದಕ್ಕೆ ಜೋಡಿಸಿದೆ. ಚಿಂದಿಯ ಮೇಲೆ ಓಡಿಸಿದೆ. ಮೇಲೆ ಬರೀ ಕೆಂಪು, ಕೆಳಗೆ ಬರೀ ನೀಲಿ. ಮೆಷಿನ್ನಿಗೆ ಎಂದಿನ ಹಾಗೆ ಬಟ್ಟೆ ಹೊದಿಸಿ, "ತೋಟಕ್ಕೆ ಹೋಗ್ಬರ್ತೀನಿ" ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೊರಟೆ. ಬೀದಿಯ ತಿರುವಿನವರೆಗೆ ಹೋಗಿ ವಾಪಸ್ ಬಂದೆ.

ಅತ್ತೆ ನನ್ನ ಮೂಲೆಯಲ್ಲಿ ನಿಂತಿದ್ದರು. ಹೊದಿಕೆ ತೆಗೆದು ಮಡಿಸಿಟ್ಟಿದ್ದರು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಪುಡಿಯ ಗಂಟು. ಹುಳದ ತಟ್ಟೆಯ ಮೇಲೆ ತಟ್ಟುವ ಹಾಗೇ ಮೆಷಿನ್ನಿನ ಮೇಲೆ ತಟ್ಟುತ್ತಿದ್ದರು. ಆಮೇಲೆ ಹಳೆಯ ಬಟ್ಟೆ ತೆಗೆದುಕೊಂಡು ಮೇಲೆ ಬಿದ್ದದ್ದನ್ನು ಒರೆಸಿದರು. ಒರೆಸುವ ಕೈ ನಟ್ಟಿನ ಮೇಲೆ ಹೋದಾಗ ಅದು ಬಟ್ಟೆಯ ಜೊತೆಗೇ ತಿರುಗಿತು.

"ಅತ್ತೆ!" ಅಂದೆ.

ಅವರು ಬೆಚ್ಚಿಬೀಳಲೂ ಇಲ್ಲ. "ಸೊಪ್ಪು ತರಲಿಲ್ವಾ?"

"ಏನ್ ಮಾಡ್ತಿದೀರ ನೀವು? ನನ್ ಮೆಷಿನ್ ಹಾಳಾಗ್ತಿರೋದು ಇದರಿಂದ್ಲೇ. ಗೊತ್ತಾ ನಿಮ್ಗೆ?"

"ಇನ್ನೇನ್ ಮಾಡ್ಲಿ? ಹೊರಗಿನೋರ ಬಟ್ಟೆ ಇದರ ಮೇಲೇ ತಾನೇ ಓಡಾಡೋದು. ನಿಂಗೆ ಬೇಡ ಅಂದ್ರೆ ಕೇಳ್ತೀಯಾ? ಅದಕ್ಕೆ ನನ್ ಹುಳ ನಾನು ಕಾಯ್ಕೊಂತಾ ಇದೀನಿ." ಗಂಟನ್ನು ನನ್ನ ಕಡೆಗೇ ಆಡಿಸಿದರು. "ಅವರ್ಯಾರೋ ಟೀಚರು ತಂದ್ಕೊಟ್ರಲ್ಲ ಹಸಿರುದು, ಅದಕ್ಕೂ ಹಾಕಣ ಅಂತ ಹುಡುಕ್ದೆ. ಎಲ್ಲಿ ಬಚ್ಚಿಟ್ಟಿದೀಯೋ ಏನೋ."

ನನ್ನ ಕೈ ತಾನಾಗಿ ಸೊಂಟದ ಕೀಲಿಗೆ ಹೋಯಿತು. "ಅದು ರೇಷ್ಮೆ ಅತ್ತೆ!"

"ಯಾವ ರೇಷ್ಮೆ? ಈಗಿನೋರು ಉಡೋದೆಲ್ಲಾ ಪಾಲಿಸ್ಟರು. ಅಂಗಡಿಯೋನು ರೇಷ್ಮೆ ಅಂದ, ಇವರು ನಂಬಿದ್ರು. ತಗೊಂಬಾ ನೋಡಣ."

ಕೊಡಬಾರದು ಅನ್ನಿಸಿತು. ಕೊಡದಿದ್ದರೆ ಈ ಜಗಳ ಮುಗಿಯುವುದಿಲ್ಲ ಅಂತಲೂ ಅನ್ನಿಸಿತು. ಅವರ ಕೈ ತೊಳೆಸಿ, ಪುಡಿಯ ಗಂಟು ಹೊರಗಿಡಿಸಿ, ಟ್ರಂಕು ತೆಗೆದೆ. ಅತ್ತೆ ತುಂಡನ್ನು ಬೆರಳ ನಡುವೆ ಉಜ್ಜಿದರು, ಕೆನ್ನೆಗೆ ಒತ್ತಿಕೊಂಡರು. ನಂಬಿಕೆ ಬರಲಿಲ್ಲ. ಹೊಲಿಗೆಯೊಳಗೆ ಹೋಗುವ, ಸೀರೆಯಿಂದ ಕತ್ತರಿಸಿದ ಅಂಚಿನಿಂದ ಒಂದು ಎಳೆ ಎಳೆದು, ಬೆಂಕಿಕಡ್ಡಿ ಗೀರಿ ಸುಟ್ಟರು. ಪಾಲಿಸ್ಟರ್ ಆದರೆ ಕರಗಿ ಗಟ್ಟಿ ಉಂಡೆಯಾಗುತ್ತದೆ. ಇದು ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದರೆ ಬೂದಿಯಾಯಿತು. ಅತ್ತೆ ಬೆರಳನ್ನು ಎರಡು ಸಲ ಮೂಸಿದರು.

"ಅಪ್ಪಟಾನೆ," ಅಂದರು. ಆಮೇಲೆ ಅವರ ಮುಖದ ಬಣ್ಣವೇ ಬದಲಾಯಿತು. ಹೊರಗಿಟ್ಟ ಗಂಟಿನ ಕಡೆ ನೋಡಿದರು. "ಅಯ್ಯೋ ಶಿವನೇ. ಸುಣ್ಣ ಬಿದ್ದು, ಮೇಲೆ ಒಂಚೂರು ನೀರು ತಾಕಿದ್ರೆ ರೇಷ್ಮೆ ಸುಟ್ಟೋಗ್ತದೆ ಕಣೇ. ಬಣ್ಣ ಎಲ್ಲಾ ಎದ್ದೋಗ್ತದೆ. ಮದುವೆ ಹುಡುಗೀದು!"

ಅದನ್ನು ನಾನು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ರೇಷ್ಮೆಯ ನಡುವೆಯೇ ಬೆಳೆದವರು. ಬೀಗ ಹಾಕಿದ್ದು ವಾರಗಿತ್ತಿಯ ಭಯಕ್ಕೆ, ಉಳಿದದ್ದು ಅತ್ತೆಯ ಪುಡಿಯಿಂದ. ಕೆಟ್ಟ ಬುದ್ಧಿಯಿಂದ ಇಂಥ ಒಳ್ಳೆಯ ಕೆಲಸ ಆಗಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಆಮೇಲೆ ಚೌಕಾಸಿ ನಡೆಯಿತು. ಮೆಷಿನ್ನು ನಡುಮನೆಯಿಂದ ಮುಂದಿನ ಪಡಸಾಲೆಗೆ ಹೋಗಬೇಕು. ಹೊರಗಿನ ಬಟ್ಟೆ ಮೊದಲು ಬಿಸಿಲು ಕಂಡು ಆಮೇಲೆ ಒಳಗೆ ಬರಬೇಕು. ರೇಷ್ಮೆಯಾದರೆ ನೆರಳಿನಲ್ಲಿ ಗಾಳಿಗೆ ಹಾಕಿದರೆ ಸಾಕು, ಬಿಸಿಲಿಗೆ ಬಣ್ಣ ಹೋಗುತ್ತದೆ ಅಂತ ಅದನ್ನು ಅವರೇ ತಿದ್ದಿದರು. ಪುಡಿ ಹೊಸ್ತಿಲಿಗೆ ಮಾತ್ರ. ಮೆಷಿನ್ನಿಗೆ ಬೇಡ.

"ಬೆಳೆ ಹೋದ್ರೆ?" ಅಂದರು.

"ಹೋದ್ರೆ ಅಟ್ಟಕ್ಕೆ ಹಾಕಿ. ನಾನೇ ಏಣಿ ಹಿಡ್ಕೊಂತೀನಿ," ಅಂದೆ.

ಪಡಸಾಲೆಗೆ ಮೆಷಿನ್ನು ಹೊರಲು ಒಂದು ಕಡೆ ವಾರಗಿತ್ತಿ ಕೈಹಾಕಿದಳು. ಕೇಳದೆ ಇರಲಾಗಲಿಲ್ಲ. "ಅತ್ತೆ ಪುಡಿ ಹಾಕೋದು ನಿಂಗ್ ಗೊತ್ತಿತ್ತಾ?"

"ಗೊತ್ತಿತ್ತಕ್ಕ."

"ಹೇಳ್ಬಾರದಾ?"

"ಹೇಳಣ ಅಂತಾನೇ ಬಂದೆ. ನೀವು ಆಗ್ಲೇ ನನ್ ಜೊತೆ ಮಾತು ಬಿಟ್ಟಿದ್ರಿ." ಸ್ಟ್ಯಾಂಡು ಇಳಿಸಿ ಸೆರಗು ಕೊಡವಿಕೊಂಡಳು. "ಆ ಕಟಿಂಗ್ ವಿಡಿಯೋನೂ ನಿಮ್ಗೇ ಕಳ್ಸಣ ಅಂತ ನೋಡ್ತಿದ್ದೆ. ಮದುವೆ ಬ್ಲೌಸಿಗೆ ಹೊಸಾ ಥರ ಕತ್ತು ಇತ್ತು ಅದ್ರಲ್ಲಿ."

ಸಂಜೆ ಕಾಫಿ ನಾನೇ ಮಾಡಿ ಅವಳ ಕೈಗೆ ಕೊಟ್ಟೆ. ಅವಳು ಲೋಟದೊಳಗೆ ಒಮ್ಮೆ ಇಣುಕಿ ನೋಡಿಯೇ ಕುಡಿದಳು. ನೋಡಲಿ, ತಪ್ಪೇನಿಲ್ಲ.

ರೇಷ್ಮೆಯನ್ನು ಮಾರನೆಯ ಬೆಳಿಗ್ಗೆ ಕತ್ತರಿಸಿದೆ. ಸಣ್ಣ ಸೂಜಿ, ಹಸಿರು ದಾರ, ನಟ್ಟು ಒಂಚೂರು ಸಡಿಲ. ಮಿಕ್ಕ ಚೂರಿನ ಮೇಲೆ ಮೊದಲು ಓಡಿಸಿ, ಹಿಂದೆ ಮುಂದೆ ತಿರುಗಿಸಿ, ಕಿಟಕಿಗೆ ಹಿಡಿದು ನೋಡಿದೆ. ಅತ್ತೆಯೂ ಬಂದು ನೋಡಿದರು. ಆಮೇಲೆ ಪಾದ ಇಳಿಸಿ ತುಳಿದೆ. ಭುಜದಿಂದ ಸೊಂಟದವರೆಗೆ ಹೊಲಿಗೆ ಎಲ್ಲೂ ಸುಕ್ಕದೆ, ಗಂಟು ಕಟ್ಟದೆ ಇಳಿಯಿತು. ಮುಗಿದಾಗ ಬೆನ್ನು ಬೆವರಿನಿಂದ ತೊಯ್ದಿತ್ತು.

ಟೀಚರಮ್ಮ ಬಂದ ದಿನ ಒಳಗೆ ಹುಳ ಗೂಡು ಕಟ್ಟಲು ಶುರುಮಾಡಿತ್ತು. ಬೆಳೆ ಚೆನ್ನಾಗಿತ್ತು. ಅದು ತಮ್ಮ ಪುಡಿಯಿಂದ ಅಂತ ಅತ್ತೆ, ಬಿಸಿಲಿನಿಂದ ಅಂತ ನಾನು. ಅತ್ತೆ ಟೀಚರಮ್ಮನ ಕಾಲು ತೊಳೆಸಿಯೇ ಪಡಸಾಲೆಗೆ ಹತ್ತಿಸಿದರು. ಟೀಚರಮ್ಮ ಬ್ಲೌಸು ಕೈಗೆ ತೆಗೆದುಕೊಂಡು ಹೊರಮೈ ನೋಡಲೇ ಇಲ್ಲ. ಮೊದಲು ಒಳಮೈ ತಿರುಗಿಸಿದರು. ಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಕನ್ನಡಕ ಏರಿಸಿ, ಬಾಗಿಲ ಬೆಳಕಿಗೆ ಹಿಡಿದು, ಏನಾದರೂ ಬಿಚ್ಚಿದ ತೂತು ಇದೆಯೇ ಅಂತ ಒಂದೊಂದು ಅಂಗುಲ ಹುಡುಕಿದರು.

"ಅಷ್ಟೊಂದ್ ಏನಮ್ಮ ಹುಡುಕ್ತೀರ?" ಅತ್ತೆಯ ಗಂಟಲು ಒರಟಾಗಿತ್ತು. "ನಾನು ಎಳೆ ಸುಟ್ಟು ನೋಡಿದೀನಿ, ನಿಮ್ ರೇಷ್ಮೆ ಅಪ್ಪಟಾನೆ. ನಮ್ ಸೊಸೆ ಹೊಲಿಗೇನೂ ಅಪ್ಪಟಾನೆ. ಅದರಲ್ಲಿ ಅನುಮಾನ ಬೇಡ."

ಟೀಚರಮ್ಮ ಕನ್ನಡಕ ಇಳಿಸಿದರು. ನನಗೆ ಕಣ್ಣು ತುಂಬಿ, ಎದುರಿಗಿದ್ದ ಹಸಿರು ಬಣ್ಣ ಕಲಸಿಹೋಯಿತು.

ಅವರ ಕಾರು ತಿರುವಿನಲ್ಲಿ ಮರೆಯಾದ ಕೂಡಲೇ ಅತ್ತೆ ಒಳಗಿನಿಂದ ಪುಡಿಯ ಗಂಟು ತಂದರು. ಟೀಚರಮ್ಮ ಕೂತಿದ್ದ ಚಾಪೆಗೆ ತಟ್ಟಿದರು, ಬ್ಯಾಗು ಇಟ್ಟಿದ್ದ ಜಾಗಕ್ಕೆ ತಟ್ಟಿದರು, ಹೊಸ್ತಿಲಿಗೆ ತಟ್ಟಿದರು. ನನ್ನ ಮೆಷಿನ್ನಿನ ಹತ್ತಿರ ಬಂದಾಗ ಗಂಟನ್ನು ಬೆನ್ನ ಹಿಂದಕ್ಕೆ ಹಿಡಿದುಕೊಂಡು, ಮೆಲ್ಲಗೆ ಸುತ್ತು ಹಾಕಿ ಒಳಗೆ ಹೋದರು.